ಗೋಡೆಯಾಚೆಯ ಕುಂಬಳಕಾಯಿ

ಅಂದು ಬೆಳಿಗ್ಗೆಯೂ ಮಕ್ಕಳ ಡಬ್ಬಿಗೆ ಚಪಾತಿ ತುಂಬಿ ಹಿತ್ತಲ ಗೋಡೆಯ ಬಳಿ ನಿಂತೆ. ನಿಪ್ಪಾಣಿಯ ಆ ಮನೆಯಲ್ಲಿ ನಾವಿದ್ದಾಗ ಗೋಡೆಯಾಚೆ ಹೆಂಗಸೊಬ್ಬರು ಇದ್ದರು; ನಾವೆಲ್ಲ ಅವರನ್ನು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು. ತಮ್ಮ ಕುಂಬಳದ ಬಳ್ಳಿಯ ಗಂಡು ಹೂವನ್ನು ಹೆಣ್ಣು ಹೂವಿಗೆ, ಕೂಸಿನ ಕೆನ್ನೆಗೆ ಪೌಡರ್ ಹಚ್ಚಿದಂತೆ, ಮೆಲ್ಲಗೆ ಒತ್ತುತ್ತಿದ್ದರು.

ಹೊಸದಾಗಿ ಕುಂಬಳದ ಬಳ್ಳಿ ಹಬ್ಬಿಸಿದ ನನಗೆ ಅವರದು ದಿನವೂ ಅದೇ ಮಾತು: "ಒಂದ ಬಳ್ಳಿಗೆ ಒಂದ ಕಾಯಿ ಸಾಕ್ರಿ ಬಾಯಾರ. ಉಳಿದದ್ದು ಚೂಟಿ ಒಗೀರಿ. ಬಟ್ಟ ಮಾಡಿ, ಬೆರಳ ಚಾಚಿ ಮಾತ್ರ ತೋರಸಬ್ಯಾಡ್ರಿ, ಕಾಯಿ ಕೊಳೀತೈತಿ."

ಚಿವುಟಲು ನನಗೆ ಮನಸ್ಸು ಬರಲಿಲ್ಲ. ನನ್ನ ಬಳ್ಳಿಯಲ್ಲಿ ಮುಷ್ಟಿಗಾತ್ರದ ಏಳು ಕಾಯಿ. ಅವರದೊಂದೇ, ಹುಲ್ಲಿನ ಹಾಸಿಗೆಯ ಮೇಲೆ ಕೊಡಕ್ಕಿಂತ ದೊಡ್ಡದಾಗಿ ಕೂತಿತ್ತು. ಸತ್ತಿ ಊರಿನಿಂದ ಬಂದ ನನ್ನ ಅತ್ತೆಯೂ ನನ್ನ ಬಳ್ಳಿ ಬಿಟ್ಟು ಅದನ್ನೇ ಹೊಗಳಿ ಹೋಗಿದ್ದರು.

ಕಾನ್ವೆಂಟಿನಲ್ಲಿ ಓದಿದ ನಾನು ಇಂಥದ್ದನ್ನೆಲ್ಲ ನಂಬುವವಳಲ್ಲ. ಆದರೂ ಅಂದು ಕಾಕು ಒಳಗೆ ಹೋದೊಡನೆ, ಸೆರಗಿನ ಮರೆಯಿಂದ ಬೆರಳು ಚಾಚಿ ಆ ಕಾಯಿಯನ್ನು ನೇರವಾಗಿ ತೋರಿಸಿಬಿಟ್ಟೆ.

ಸಂಜೆ ನೋಡಿದರೆ, ಕಾಕು ಹಳೆಯ ಸೀರೆಯ ತುಂಡೊಂದನ್ನು ಕಾಯಿಗೆ ಹೊದಿಸುತ್ತಿದ್ದರು.

"ಬಿಸಿಲು ಇಳಿದ ಮ್ಯಾಲೆ ಯಾಕ್ರೀ ಕಾಕೂ?" ಎಂದೆ.

ಅವರು ತಲೆ ಎತ್ತಲಿಲ್ಲ. "ಬಿಸಲಿಗಲ್ರಿ. ನಿಮ್ಮ ಗ್ವಾಡಿ ಕಡಿ ಅಷ್ಟ ಮುಚ್ಚಾಕತ್ತೀನಿ."