ಹಂಪಮ್ಮ ಮೊಮ್ಮಗಳಿಗೆ ಹೆಸರಿಟ್ಟ ಬೆಳಗು

ಮಾನ್ವಿಯ ಹಂಪಮ್ಮ ಸೂಲಗಿತ್ತಿ. ಹರೆಯದಲ್ಲೇ ಗಂಡ ತೀರಿಕೊಂಡಾಗ ಎಳೆಯ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ರಾಯಚೂರಿಗೆ ಹೋಗಿ, ಅಲ್ಲಿನ ದವಾಖಾನೆಯೊಂದರಲ್ಲಿ ಎರಡು ವರ್ಷ ಕಸ ಗುಡಿಸುತ್ತಲೇ ಹೆರಿಗೆ ಮಾಡಿಸುವುದನ್ನು ಕಲಿತವಳು. ಕತ್ತರಿ ಕುದಿಸದೆ ಹೊಕ್ಕುಳಬಳ್ಳಿ ಮುಟ್ಟುತ್ತಿರಲಿಲ್ಲ. ಅವಳ ಕೇರಿಯವರಿಗೆ ಬಾವಿಯ ನೀರು ಸೇದಲು ಬಿಡದವರೂ ನೋವು ಶುರುವಾದ ಕೂಡಲೇ ಅವಳನ್ನು ಮನೆಯೊಳಗೆ ಕರೆಯುತ್ತಿದ್ದರು.

ಮಗಳು ಎಸ್ತೇರಮ್ಮನನ್ನು ದೇವದುರ್ಗಕ್ಕೆ ಕೊಟ್ಟಿದ್ದಳು. ಸಾವಿರದ ಒಂಬೈನೂರ ನಲವತ್ತೈದರ ಮಳೆಗಾಲದಲ್ಲಿ ಮಗಳದು ಚೊಚ್ಚಲ ಹೆರಿಗೆ. ಹಳ್ಳಗಳು ತುಂಬಿದ್ದರಿಂದ ಬಸುರಿಯನ್ನು ತವರಿಗೆ ಕರೆತರಲಾಗಲಿಲ್ಲ, ಹಂಪಮ್ಮನೇ ಹೋದಳು. ಹೆಣ್ಣು ಕೂಸು ಉಸಿರಿಲ್ಲದೆ ಹುಟ್ಟಿತು. ರಕ್ತ ನಿಲ್ಲಲಿಲ್ಲ. ಮಧ್ಯಾಹ್ನದ ಹೊತ್ತಿಗೆ ತಾಯಿಯ ಮುಂಗೈ ಹಿಡಿದುಕೊಂಡೇ ಎಸ್ತೇರಮ್ಮ ಹೋಗಿಬಿಟ್ಟಳು. ಇಬ್ಬರನ್ನೂ ಒಂದೇ ಗೋರಿಯಲ್ಲಿ ಇಟ್ಟರು.

ಮಾನ್ವಿಗೆ ಬಂದವಳೇ ಹಂಪಮ್ಮ ಕತ್ತರಿಯನ್ನು ಪೆಟ್ಟಿಗೆಗೆ ಹಾಕಿ ಅಟ್ಟಕ್ಕೇರಿಸಿದಳು. ಕರೆಯಲು ಬಂದವರಿಗೆ, “ಈ ಕೈಯಾಗ ನನ್ನ ಮಗಳು ಸತ್ತಾಳ. ಬ್ಯಾರೇದವ್ರನ್ನ ಕರಕೊಂಡು ಹೋಗ್ರಿ” ಎಂದು ಬಾಗಿಲು ಹಾಕುತ್ತಿದ್ದಳು.

ಕೇರಿಯ ಕ್ರೈಸ್ತರ ಸಣ್ಣ ಪ್ರಾರ್ಥನಾ ಮಂದಿರಕ್ಕೆ ಕನಕರಾಯ ಉಪದೇಶಿ. ಮೊದಲ ವಾರವೇ ಬಂದು, “ಎಲ್ಲಾ ದೇವರ ಚಿತ್ತ ಯವ್ವಾ, ಅಳಬ್ಯಾಡ” ಅಂದ.

“ನಿನ್ನ ದೇವರ ಚಿತ್ತ ನಿನ್ನ ಹಂತೇಕ ಇಟ್ಕೋ. ಎದ್ದು ಹೋಗು!” ಎಂದಳು ಹಂಪಮ್ಮ. ಆಮೇಲೆ ಮಂದಿರದ ಕಡೆ ಅವಳು ತಲೆ ಹಾಕಲಿಲ್ಲ. ಅತ್ತದ್ದನ್ನೂ ಯಾರೂ ಕಾಣಲಿಲ್ಲ.

ಮರುವರ್ಷ ಪುನರುತ್ಥಾನದ ಹಬ್ಬಕ್ಕೆ ಒಂದು ವಾರವಿದ್ದಾಗ ಕನಕರಾಯ ಮತ್ತೆ ಬಂದ. ಒಳಗೆ ಬರಲಿಲ್ಲ, ಹೊಸ್ತಿಲಾಚೆಯೇ ನಿಂತ.

“ಯವ್ವಾ, ಅವತ್ತು ನಾ ತಪ್ಪು ಮಾತಾಡಿದ್ನಿ. ಹಬ್ಬದ ದಿನ ನಮ್ಮವ್ರೆಲ್ಲಾ ತಮ್ಮ ತಮ್ಮ ಮಂದಿ ಗೋರಿಗೆ ಹೂ ತಗೊಂಡು ಹೋಗ್ತಾರ. ನಿನ್ನ ಮಗಳ ಗೋರಿ ದೇವದುರ್ಗದಾಗ ಅದ. ಹೋಗೋಣ ಬಾ.”

“ಇಲ್ಲಿ ಪ್ರಾರ್ಥನಿ ಯಾರು ಮಾಡ್ತಾರ?”

“ಹಾಡಾಕ ಬರೋರು ನಾಕ ಮಂದಿ ಅದಾರ. ಮಾಡ್ಕೊಂತಾರ.”

ಹತ್ತಿಕಾಳು ಹೇರಿದ್ದ ಬಂಡಿಯೊಂದು ಆ ಕಡೆ ಹೊರಟಿತ್ತು. ಅದರಲ್ಲಿ ಎರಡು ದಿನ ಪ್ರಯಾಣ ಮಾಡಿ ಶನಿವಾರ ಸಂಜೆ ದೇವದುರ್ಗ ಮುಟ್ಟಿದರು. ಅಳಿಯ ತಾಯಣ್ಣ ಕಾಲಿಗೆ ನೀರು ಕೊಟ್ಟ. ಹಂಪಮ್ಮ ಅವನ ಮುಖ ನೋಡಲಿಲ್ಲ.

ಬೆಳಗಾಗುವಾಗ ಮೂವರೂ ಗೋರಿಯ ಬಳಿ ಹೋದರು. ಸುತ್ತ ಕಲ್ಲು ಜೋಡಿಸಿತ್ತು, ಒಂದು ಎಳೆ ಹುಲ್ಲೂ ಬೆಳೆದಿರಲಿಲ್ಲ. ಅದೆಲ್ಲ ತಾಯಣ್ಣನ ಕೆಲಸ.

“ಅತ್ತಿ, ಅವತ್ತು ನೀವು ಬಂದಿದ್ದಕ್ಕ ಆಕಿ ಅಂಜಲಿಲ್ಲ,” ಎಂದ ಅವನು. “ಅವ್ವ ಬಂದಾಳ, ಅವ್ವ ಬಂದಾಳ ಅಂತ ನನಗ ಧೈರ್ಯ ಹೇಳಾಕತ್ತಿದ್ಲು.”

ಹಂಪಮ್ಮ ಗೋರಿಯ ಪಕ್ಕ ಕೂತಳು. ತಂದಿದ್ದ ಹೂ ಗೋರಿಯ ಮೇಲಿಟ್ಟು ಕನಕರಾಯ ಮೆಲ್ಲಗೆ ಹೇಳಿದ: “ಇಂಥಾ ನಸುಕಿನ್ಯಾಗನ ಒಬ್ಬಾಕಿ ಯೇಸುಸ್ವಾಮಿ ಗೋರಿ ಮುಂದ ನಿಂತು ಅಳಾಕತ್ತಿದ್ಲು. ಸತ್ತಾತ ಎದ್ದು ಬಂದು ಆಕಿ ಹಿಂದನ ನಿಂತಿದ್ದ. ಆಕಿಗೆ ಗುರುತು ಸಿಗಲಿಲ್ಲ, ತೋಟದ ಮಾಲಿ ಅನ್ಕೊಂಡ್ಲು. ಆತ ಬೈಲಿಲ್ಲ. ಆಕಿ ಹೆಸರು ಹಿಡಿದು ಕರದ, ಅಷ್ಟ. ಆಕಿಗೆ ಗೊತ್ತಾತು.”

“ನನ್ನ ಮಗಳ್ನೂ ಹಂಗ ಕರೀತಾನಾ?”

“ಕರೀತಾನ. ಅದನ್ನ ನಂಬೇ ನಾ ನನ್ನ ಹೆಂಡ್ತೀನ ಮಣ್ಣಿಗೆ ಇಟ್ಟು ಬಂದೀನಿ.”

“ಆ ಕೂಸಿಗೆ ಹೆಸರ ಇಲ್ಲಲ್ಲೋ ಯಪ್ಪಾ! ಅದನ್ನ ಏನಂತ ಕರೀತಾನ?”

ಉಪದೇಶಿ ತಾಯಣ್ಣನ ಕಡೆ ತಿರುಗಿದ. ತಾಯಣ್ಣ ಕಣ್ಣೊರೆಸಿಕೊಂಡು, “ಹೆಣ್ಣಾದ್ರ ಕರುಣಮ್ಮ ಅಂತ ಇಡೋಣು ಅಂತಿದ್ಲು ಅತ್ತಿ” ಅಂದ.

ಹಂಪಮ್ಮ ತೊಟ್ಟಿಲಿಗೆ ಬಾಗುವವಳ ಹಾಗೆ ಮಣ್ಣಿಗೆ ಬಾಗಿದಳು. “ಕರುಣಮ್ಮಾ” ಎಂದಳು. ಇನ್ನೊಮ್ಮೆ ಕರೆದಳು. ಮೂರನೆಯ ಸಲ ಬಾಯಿ ತೆರೆದರೆ ಹೆಸರು ಬರಲಿಲ್ಲ. ಎಂಟು ತಿಂಗಳಿಂದ ತಡೆದಿದ್ದ ಅಳು ಬಂತು. ಇಬ್ಬರು ಗಂಡಸರೂ ಪಕ್ಕದಲ್ಲಿ ಕೂತರು. ಬಿಸಿಲು ಏರಿದ ಮೇಲೆ ಮನೆಗೆ ಬಂದು, ಅಳಿಯ ಬಡಿಸಿದ ರೊಟ್ಟಿ ತಿಂದಳು.

ದುಃಖ ಅಲ್ಲಿಗೇ ತೀರಿತೆಂದಲ್ಲ. ಮಾನ್ವಿಗೆ ಮರಳಿದ ಮೇಲೂ ಕೆಲವು ದಿನ ಎದ್ದು ಒಲೆ ಹಚ್ಚಲೂ ಆಗುತ್ತಿರಲಿಲ್ಲ. ಆದರೆ ಭಾನುವಾರ ಮಂದಿರಕ್ಕೆ ಹೋಗಿ ಕಡೇ ಸಾಲಿನಲ್ಲಿ ಕೂರತೊಡಗಿದಳು.

ಎರಡು ತಿಂಗಳ ನಂತರ ಒಂದು ಮುಂಜಾನೆ ಬಳೆ ವ್ಯಾಪಾರಿ ಮೆಹಬೂಬ್ ಪಾಷಾ ಓಡಿ ಬಂದ. ಅವನೂ ಹೆಂಡತಿ ಮಹಬೂಬೀಯೂ ಹಂಪಮ್ಮನನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. “ಖಾಲಾ, ಮಹಬೂಬೀಗೆ ಬ್ಯಾನಿ ಶುರು ಆಗ್ಯಾವ. ಬರ್ರಿ.”

“ನನ್ನ ಕೈ ನಡುಗ್ತಾವ ಪಾಷಾ.”

“ನಡುಗಲಿ ಖಾಲಾ. ನೀವು ಬಾಜೂಕ ಕುಂತ್ರೂ ಸಾಕು ಅಂತಾಳ.”

ಹಂಪಮ್ಮ ಅಟ್ಟದಿಂದ ಪೆಟ್ಟಿಗೆ ಇಳಿಸಿದಳು. ಪಾಷಾನ ಮನೆಯಲ್ಲಿ ಮೊದಲು ಕತ್ತರಿ ಕುದಿಸಿದಳು. ಕೈಗಳು ಕೆಲಸವನ್ನು ಮರೆತಿರಲಿಲ್ಲ. ಮಧ್ಯಾಹ್ನದೊಳಗೆ ಹೆಣ್ಣು ಕೂಸು ಹುಟ್ಟಿ, ಕೂಗಿಕೊಂಡು ಅತ್ತಿತು. ಅದಕ್ಕೆ ಎಣ್ಣೆ ಹಚ್ಚುತ್ತಿರುವಾಗ ಹಂಪಮ್ಮನ ಕಣ್ಣಿಂದ ನೀರು ಇಳಿಯಿತು.

“ಯಾಕ ಅಳಾಕತ್ತೀರಿ ಖಾಲಾ?” ಎಂದು ಬಾಣಂತಿ ಗಾಬರಿಯಾದಳು.

“ನನಗೊಬ್ಬಾಕಿ ಮಗಳಿದ್ಲು,” ಎಂದಳು ಹಂಪಮ್ಮ. ತಡೆದು, “ಅದಾಳ. ಒಂದಿನ ಸಿಗ್ತಾಳ” ಎಂದಳು.

“ಹೆಂಗಿದ್ಲು ಖಾಲಾ? ಹೇಳ್ರಿ,” ಎಂದು ಮಹಬೂಬೀ ಗೋಡೆಗೆ ಒರಗಿದಳು.

ಹಂಪಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಕೂಸನ್ನು ತಾಯಿಯ ಮಗ್ಗುಲಿಗೆ ಹಾಕಿದಳು. ಎಸ್ತೇರಮ್ಮ ಆರು ವರ್ಷದವಳಿದ್ದಾಗ ಮಡಿಲು ತುಂಬ ಹುಣಸೆಯ ಚಿಗುರು ತಿಂದು, ಹುಳಿಗೆ ಹಲ್ಲು ಜುಮ್ಮೆಂದು ಉಣ್ಣಲಾಗದೆ, ಗಿಡಕ್ಕೇ ಹೋಗಿ ಬೈದು ಬಂದದ್ದನ್ನು ಹೇಳತೊಡಗಿದಳು. ಹೇಳುತ್ತಾ ಹೇಳುತ್ತಾ ಅವಳಿಗೆ ನಗು ಬಂತು.