ಕಲ್ಲುಬಾನಿಯಲ್ಲಿ ಓಡುವ ದೋಣಿ ಇಂಜಿನ್

ದೋಣಿ ಇಂಜಿನ್ನಿನ ಹಿತ್ತಾಳೆಯ ಪಂಕದ ಎರಡು ರೆಕ್ಕೆಗಳಿಗೂ ಅರಿಶಿನ ಬಳಿದಿತ್ತು. ನಡುವಿನ ತಿರುಪಿನ ಮೇಲೆ ಕಾಸಗಲ ಕುಂಕುಮ. ಎದುರಿಗೆ ಒಂದು ಹಿಡಿ ಹಸಿ ಹುಲ್ಲು.

ನಾನು ಹೊಸ ಶಾಲೆಯಲ್ಲಿ ಹಾಜರಿ ಹಾಕಿ ಬರುವಷ್ಟರಲ್ಲಿ ಮನೆಯೊಡತಿ ಗಂಗಕ್ಕ ಇಷ್ಟನ್ನೂ ಮುಗಿಸಿ, ಜಗುಲಿಯ ಮೇಲೆ ಕಾಲು ಚಾಚಿ ಕೂತಿದ್ದರು.

“ಹುಲ್ಲು ಯಾಕೆ?” ಎಂದು ಕೇಳಿದೆ.

“ತವರಿಂದ ಬಂದಿರಾದಲ್ವೇನ್ರಿ ಪಂತುಲಮ್ಮ? ಹಸ ಬರ್ಲಿ, ಏನೇ ಬರ್ಲಿ, ಒಳಕ್ಕೆ ತಗಳಾಕೆ ಮುಂಚೆ ಹಿಂಗೇ ಮಾಡಾದು. ತಿನ್ನಾದು ಬಿಡಾದು ಅದಕ್ಕೆ ಬಿಟ್ಟಿದ್ದು.”

ಪಂತುಲಮ್ಮ ಎಂದರೆ ತೆಲುಗಿನಲ್ಲಿ ಪಾಠ ಹೇಳುವ ಹೆಂಗಸು. ಮೊಳಕಾಲ್ಮುರಿನಲ್ಲಿ ನನಗೆ ಸಿಕ್ಕ ಮೊದಲ ಹೆಸರು ಅದು. ಸ್ವಂತ ಹೆಸರನ್ನು ಯಾರೂ ಕೇಳಲಿಲ್ಲ; ನಾನೂ ಹೇಳಲಿಲ್ಲ.

ಈ ಕಾಗದ ಓದುವ, ಗಂಗೊಳ್ಳಿಯ ನೆರೆಯವರಾದ ನಿಮಗೆ ಆ ಇಂಜಿನ್ ಗೊತ್ತು. ಅಪ್ಪಯ್ಯ ಹೊಳೆ ದಾಟಿಸುತ್ತಿದ್ದ ದೋಣಿಯ ಹಿಂದಿನ ಹಲಗೆಗೆ ಕಚ್ಚಿಕೊಂಡಿರುತ್ತಿದ್ದ, ಸಂಜೆ ತಿರುಪು ಸಡಿಲಿಸಿ ಹೆಗಲ ಮೇಲೆ ಮನೆಗೆ ಹೊತ್ತು ತರಬಹುದಾಗಿದ್ದ ಸಣ್ಣ ಇಂಜಿನ್. ಅಪ್ಪಯ್ಯ ತೀರಿಕೊಳ್ಳುವ ಮುಂಚೆ ಎಲ್ಲರ ಎದುರಿಗೆ ಹೇಳಿದ್ದರು: ಮನೆ, ದೋಣಿ, ಹೊಳೆ ದಾಟಿಸುವ ಕಡವು ಅಣ್ಣನಿಗೆ, ಇಂಜಿನ್ ಮಗಳಿಗೆ. ಅದು ನ್ಯಾಯವೇ ಆಗಿತ್ತು. ಮದರಾಸಿನಲ್ಲಿ ಓದುತ್ತಿದ್ದ ವರ್ಷಗಳಲ್ಲಿ ರಜೆಗೆ ಬಂದಾಗಲೆಲ್ಲ ಅದನ್ನು ಬಿಚ್ಚಿ, ಒರೆಸಿ, ಕಟ್ಟುತ್ತಿದ್ದವಳು ನಾನು. ಅಣ್ಣನಿಗೆ ಅದರ ಸದ್ದು ಗೊತ್ತು, ಒಳಗು ಗೊತ್ತಿಲ್ಲ.

ಹಾಗಾಗಿ ಬಿ.ಎ. ಮುಗಿಸಿ ಮೈಸೂರು ಸೀಮೆಯ ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಕೆಲಸ ಸಿಕ್ಕಿದಾಗ ಇಂಜಿನ್ನನ್ನೂ ಗೋಣಿಯಲ್ಲಿ ಸುತ್ತಿ ಹೊರಟೆ. ಆಗುಂಬೆ ಘಾಟಿಯನ್ನು ಮೋಟಾರಿನಲ್ಲಿ ಹತ್ತಿ, ಶಿವಮೊಗ್ಗದಿಂದ ಚಿತ್ರದುರ್ಗದವರೆಗೆ ರೈಲು, ಚಳ್ಳಕೆರೆಯವರೆಗೆ ಮತ್ತೆ ಮೋಟಾರು, ಅಲ್ಲಿಂದ ಎತ್ತಿನ ಗಾಡಿ. ಚಳ್ಳಕೆರೆಯ ಸಂತೆಯಲ್ಲಿ ಗೋಣಿ ಜಾರಿ ಪಂಕ ಹೊರಗೆ ಕಂಡಿದ್ದೇ ತಡ, ಸುತ್ತ ಜನ ಸೇರಿದರು. ಹೊಲಿಗೆ ಯಂತ್ರ ಎಂದರು, ವಿಲಾಯಿತಿಯಿಂದ ಬಂದ ಗಾಣ ಎಂದರು. ದೋಣಿ ಓಡಿಸುವುದು ಎಂದಾಗ ಗಾಡಿಯವನು ಹಗ್ಗ ಬಿಟ್ಟು ನಕ್ಕ.

“ನಮ್ಮೆತ್ತೇ ಮೈ ತೊಳಸ್ಕಣಾಕೆ ಹಬ್ಬ ಬರ್ಬೇಕು. ಇದನ್ನೆಲ್ಲಿ ಈಜಾಡುಸ್ತೀರಮ್ಮ?”

ನೀರು ಕಡಿಮೆಯಿರುವ ಊರಿಗೆ ದೋಣಿಯ ಇಂಜಿನ್ ಏಕೆ ಎಂದು ನೀವೂ ಕಾಗದ ಬರೆದು ಕೇಳಿದಿರಿ. ಗಾಡಿಯವನಿಗೂ ನಿಮಗೂ ಒಂದೇ ಉತ್ತರ ಕೊಟ್ಟಿದ್ದೇನೆ: ಅದು ನನ್ನದು.

ನಮ್ಮಲ್ಲಿ ಮನೆಯೆಂದರೆ ಮಳೆಗೆ ಬೆನ್ನು ಬಾಗಿಸಿದ ಹಂಚಿನ ಮಾಡು. ಇಲ್ಲಿ ಮನೆಗಳ ತಲೆ ಚಪ್ಪಟೆ. ಮಣ್ಣಿನ ಮಾಳಿಗೆಯ ಮೇಲೆ ಬೇಸಿಗೆಯಲ್ಲಿ ಜನ ಸಾಲಾಗಿ ಮಲಗುತ್ತಾರೆ, ಒಂದು ಮಾಳಿಗೆಯಿಂದ ಇನ್ನೊಂದಕ್ಕೆ ಮಾತಾಡುತ್ತಾರೆ. ಒಂಟಿಯಾಗಿ ಇರಬೇಕೆಂದರೂ ಜಾಗವಿಲ್ಲ. ಗಂಗಕ್ಕನ ಗಂಡ ಓಬಳಪ್ಪ ರೇಷ್ಮೆ ಸೀರೆ ನೇಯುವವರು. ಅವರದು ಗುಂಟಮಗ್ಗ, ನೆಲದಲ್ಲಿ ಗುಂಡಿ ತೋಡಿ, ಅದರಲ್ಲಿ ಕಾಲಿಳಿಬಿಟ್ಟು ಕೂತು ನೇಯುವ ಮಗ್ಗ. ಗಂಡಹೆಂಡತಿ ತಮ್ಮೊಳಗೆ ತೆಲುಗು ಆಡುತ್ತಾರೆ, ನನ್ನ ಜೊತೆ ಕನ್ನಡ, ಜಗಳಕ್ಕೆ ಎರಡನ್ನೂ. ನಾನು “ಉಂಟು” ಎಂದರೆ ಶಾಲೆಯ ಹುಡುಗಿಯರು ಬಾಯಿಗೆ ಸೆರಗು ಒತ್ತಿಕೊಳ್ಳುತ್ತಾರೆ. ಇಲ್ಲಿ ಎಲ್ಲವೂ “ಐತೆ”.

ಊಟಕ್ಕೆ ಸಜ್ಜೆ ರೊಟ್ಟಿ, ರಾಗಿಮುದ್ದೆ. ಮೀನಿನ ಮಾತು ಎತ್ತಲಾರೆ. ಮೊದಲ ತಿಂಗಳುಗಳಲ್ಲಿ ನನ್ನನ್ನು ಹಸಿವಿಗಿಂತ ಹೆಚ್ಚು ಕಾಡಿದ್ದು ಗಾಳಿಯಲ್ಲಿ ಯಾವ ವಾಸನೆಯೂ ಇಲ್ಲದಿರುವುದು. ಅದರ ಬಗ್ಗೆ ಇಷ್ಟು ಸಾಕು.

ಇಂಜಿನ್ನನ್ನು ಸುಮ್ಮನೆ ಇಡುವ ಹಾಗಿಲ್ಲ. ಓಡದಿದ್ದರೆ ಒಳಗೆ ತುಕ್ಕು ಹಿಡಿದು ಬಿಗಿದುಕೊಳ್ಳುತ್ತದೆ. ನೀರಿಲ್ಲದೆ ಓಡಿಸುವ ಹಾಗೂ ಇಲ್ಲ. ಕೆಳಗಿನ ಪುಟ್ಟ ಪಂಪು ನೀರನ್ನು ಮೇಲೆಳೆದು ಸಿಲಿಂಡರನ್ನು ತಣ್ಣಗಿಡಬೇಕು. ಹಿತ್ತಲಲ್ಲಿ ದನ ಕುಡಿಯುವ ಕಲ್ಲುಬಾನಿ ಇತ್ತು. ಅದರ ಅಂಚಿಗೆ ದಪ್ಪ ಹಲಗೆ ಬಿಗಿದು, ಇಂಜಿನ್ನನ್ನು ಕಚ್ಚಿಸಿ, ಭಾನುವಾರ ಓಡಿಸಿದೆ. ಬಾನಿಯ ಅರ್ಧ ನೀರು ಗೋಡೆಗೆ ಹಾರಿತು. ಕಟ್ಟಿದ್ದ ಎಮ್ಮೆ ಗೂಟ ಕಿತ್ತುಕೊಂಡು ಓಡಿತು. ಓಬಳಪ್ಪ ಮಗ್ಗದ ಗುಂಡಿಯಿಂದ ಎದ್ದು ಬಂದರು.

“ಏನ್ರಿ ಇದು, ಪಿಶಾಚಿ ಕಟ್ಟಾಕೀರಾ?”

ಗಂಗಕ್ಕನ ದೂರು ಸದ್ದಿನ ಮೇಲಲ್ಲ, ಹೊಗೆಯ ಮೇಲೆ. ರೇಷ್ಮೆ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ.

“ಮದುವೆ ಹೆಣ್ಣು ನಮ್ಮ ಸೀರೆ ಉಟ್ಕಂಡು ಹಸೆಮಣೆ ಮೇಲೆ ಕುಂತ್ರೆ, ಮೋಟಾರು ನಿಲ್ದಾಣದಾಗೆ ಕುಂತಂಗೆ ನಾರ್ಬಾರ್ದು. ಅಲ್ವೇನ್ರಿ?”

ಅದು ಸರಿಯಾದ ಮಾತು. ನನ್ನ ಹಟವೂ ಸರಿಯಾಗಿಯೇ ಇತ್ತು. ಕೊನೆಗೆ ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು: ಬೀದಿಯಲ್ಲಿ ಹಾಸಿನ ನೂಲು, ಎಂದರೆ ಸೀರೆಯ ಉದ್ದದ ಎಳೆಗಳನ್ನು, ಎಳೆದು ಕಟ್ಟಿದ ದಿನ ಇಂಜಿನ್ ಮುಟ್ಟುವಂತಿಲ್ಲ. ಉಳಿದ ದಿನ ಗಾಳಿ ಮನೆಯ ಕಡೆಯಿಂದ ಹೊಲದ ಕಡೆಗೆ ಬೀಸುತ್ತಿದ್ದರೆ ಓಡಿಸಬಹುದು. ಗಾಳಿ ಯಾವ ಕಡೆಗೆ ಎಂದು ನೋಡಲು ಗಂಗಕ್ಕ ಒಂದು ಎಳೆ ರೇಷ್ಮೆಯನ್ನು ಬೆರಳಿಗೆ ಸುತ್ತಿ ಎತ್ತಿ ಹಿಡಿಯುತ್ತಿದ್ದರು. ಅವರು ತಲೆಯಾಡಿಸಿದ ಮೇಲೆ ನಾನು ಇಂಜಿನ್ ಹೊತ್ತಿಸುವ ಹಗ್ಗ ಎಳೆಯುತ್ತಿದ್ದೆ.

ಗಂಗೊಳ್ಳಿಯಲ್ಲಿ ಇಂಜಿನ್ನಿಗೆ ಶತ್ರು ಉಪ್ಪು. ದಿನವೂ ಸಿಹಿನೀರಿನಲ್ಲಿ ತೊಳೆಯದಿದ್ದರೆ ಒಂದು ಮಳೆಗಾಲದಲ್ಲಿ ತಿಂದುಹಾಕುತ್ತದೆ. ಇಲ್ಲಿ ಉಪ್ಪಿಲ್ಲ ಎಂದು ಗೆದ್ದವಳಂತೆ ಬೀಗಿದ್ದೆ. ಬೇಸಿಗೆ ಮುಗಿಯುವಷ್ಟರಲ್ಲಿ ನೀರು ಹರಿಯುವ ಕೊಳವೆ ಕಟ್ಟಿಕೊಂಡು ಸಿಲಿಂಡರ್ ಕಾದ ಹಂಚಾಯಿತು. ಬಿಚ್ಚಿ ನೋಡಿದರೆ ಒಳಗೆಲ್ಲ ಬಿಳಿಯ ಪದರ. ಇಲ್ಲಿಯ ಬಾವಿನೀರಿನಲ್ಲಿ ಸುಣ್ಣವಿದೆ. ಬಚ್ಚಲ ಹಂಡೆಯ ಒಳಗೂ ಅದೇ ಪದರ ಕಟ್ಟುತ್ತದೆ. ಹಂಡೆಗೆ ಮಾಡುವುದನ್ನೇ ಇಂಜಿನ್ನಿಗೂ ಮಾಡಿದೆ: ಹುಣಸೆ ಹಣ್ಣಿನ ರಸ ಕುದಿಸಿ ಕೊಳವೆಗೆ ಹುಯ್ದು ರಾತ್ರಿಯೆಲ್ಲ ಬಿಟ್ಟೆ.

ಆಮೇಲೆ ಒಂದೊಂದಾಗಿ ಬಿಡಿಭಾಗಗಳು ಸೋತವು. ಕಂಪನಿಗೆ ಬರೆದರೆ ಮುಂಬಯಿಯಿಂದ ಉತ್ತರ ಬಂತು, ಸಾಮಾನು ಬರಲಿಲ್ಲ. ಪಂಪಿನೊಳಗಿನ ಚರ್ಮದ ಬಿಲ್ಲೆ ಒಣಗಿ ಬಿರಿದಾಗ ಹಳೆಯ ಕಪಿಲೆಯಿಂದ ಒಂದು ತುಂಡು ಕತ್ತರಿಸಿದೆ. ಕಪಿಲೆಯೆಂದರೆ ಎತ್ತುಗಳು ಬಾವಿಯಿಂದ ನೀರೆಳೆಯುವ ದೊಡ್ಡ ಚರ್ಮದ ಚೀಲ. ವರ್ಷಗಟ್ಟಲೆ ನೀರು ಕುಡಿದ ಆ ಚರ್ಮ ಬಿರಿಯಲಿಲ್ಲ. ಪೆಟ್ರೋಲಿಗೆ ಬೆರೆಸುವ ವಿಲಾಯಿತಿ ಎಣ್ಣೆ ಮುಗಿದಾಗ ನನ್ನಿವಾಳವೆಂಬ ಊರಿನ ಗಾಣದ ಹರಳೆಣ್ಣೆಯನ್ನು ಪೆಟ್ರೋಲಿಗೆ ಬೆರೆಸಿದೆ. ಪ್ರಮಾಣ ತಪ್ಪಿ ಎರಡು ಸಲ ಕಿಡಿ ಹಾರುವ ತುದಿ ಕಪ್ಪುಗಟ್ಟಿತು, ಮೂರನೆಯ ಸಲ ಓಡಿತು. ಪಂಕದ ದಂಡದ ಸುತ್ತ ನೀರು ನುಗ್ಗದಂತೆ ತುರುಕುವ ನೂಲಿನ ಕಟ್ಟು ಸವೆದಾಗ ಮಾತ್ರ ನನಗೆ ದಾರಿ ತೋಚಲಿಲ್ಲ. ಹತ್ತಿಯ ದಾರ ಎರಡೇ ವಾರದಲ್ಲಿ ಹಿಂಜಿ ಹೋಯಿತು. ಗಂಗಕ್ಕ ಮಗ್ಗದಡಿ ಉಳಿದ ರೇಷ್ಮೆಯ ತುಂಡುಗಳನ್ನು ಗುಡ್ಡೆ ಹಾಕಿಕೊಂಡು, ಸೀರೆ ಮೊಣಕಾಲವರೆಗೆ ಎತ್ತಿ, ತೊಡೆಯ ಮೇಲೆ ಹುರಿ ಹೊಸೆಯತೊಡಗಿದರು. ನಾನು ಜೇನುಮೇಣ ಸವರಿದೆ.

“ಹರಳೆಣ್ಣೆ ಕುಡ್ಸೀರಿ, ರೇಷ್ಮೆ ಉಡ್ಸೀರಿ. ಇನ್ನು ಗಂಡು ನೋಡಾದೊಂದು ಬಾಕಿ.”

“ಅದಕ್ಕೋ ನನಗೋ?”

ಗಂಗಕ್ಕ ಹುರಿ ಕೈಬಿಟ್ಟು ನಕ್ಕರು. ಆ ಮನೆಯಲ್ಲಿ ನಾನು ಮಾಡಿದ ಮೊದಲ ತಮಾಷೆ ಅದು.

ಈ ವರ್ಷ ನವರಾತ್ರಿಗೆ ಮುಂಚೆ ಅಣ್ಣ ಬಂದ. ಕಾಗದ ಹಾಕಿರಲಿಲ್ಲ. ಊಟ ಮಾಡಿ, ಕೈ ತೊಳೆದು, ನೇರವಾಗಿ ಹಿತ್ತಲಿಗೆ ಹೋಗಿ ಹಗ್ಗ ಎಳೆದ. ಒಂದೇ ಎಳೆತಕ್ಕೆ ಇಂಜಿನ್ ಹೊತ್ತಿಕೊಂಡಿತು.

“ಎಂಥ ವಾಸನೆ ಮಾರಾಯ್ತಿ ಇದು!” ಎಂದ. ಕಿವಿಗೊಟ್ಟು ಕೇಳಿ ಆರಿಸಿದ. “ಆದ್ರೆ ಅಪ್ಪಯ್ಯನ ಕಾಲಕ್ಕಿಂತ ಲಾಯ್ಕ್ ಉಂಟು. ಹೊನ್ನಾವರದವ್ರಿಗೆ ಮಾರುದಂತ ಮಾತು ಕೊಟ್ಟಾಯ್ತ್. ನಾಳೆ ಹೋಪ. ನೀನೂ ಬಾ, ಸಾಕು ಈ ಊರು.”

ನನಗೆ ನೋವಾದದ್ದು ಅವನು ಕೇಳಿದ್ದಕ್ಕಲ್ಲ. ನಾನು ಚೆನ್ನಾಗಿ ನೋಡಿಕೊಂಡದ್ದರಿಂದಲೇ ಅದು ಮಾರಾಟಕ್ಕೆ ತಕ್ಕದ್ದಾಗಿತ್ತು.

ಸ್ಪ್ಯಾನರು ತಂದು ಅವನ ಎದುರೇ ಬಿಚ್ಚಿದೆ. ಕಪಿಲೆಯ ಚರ್ಮ, ರೇಷ್ಮೆಯ ಹುರಿ, ಎಳೆಯುವ ಹಗ್ಗ, ತಳದಲ್ಲಿ ಉಳಿದಿದ್ದ ಹರಳೆಣ್ಣೆ ಮಿಶ್ರಣ, ಎಲ್ಲವನ್ನೂ ಒಂದು ತಟ್ಟೆಯಲ್ಲಿಟ್ಟೆ.

“ಇವು ಇಲ್ಲಿಯವು,” ಎಂದೆ.

“ಇದೆಲ್ಲ ಮಂಗಳೂರಲ್ಲಿ ಸಿಕ್ಕತ್ತ್.”

“ಸಿಗಲಿ. ಇಂಜಿನ್ ಕೊಡುವುದಿಲ್ಲ. ಅಪ್ಪಯ್ಯ ನನಗೆ ಕೊಟ್ಟದ್ದು ನಿನಗೂ ನೆನಪೈತೆ.”

ಬಾಯಿಂದ ಬಂದ ಮೇಲೆ ನನಗೇ ಗೊತ್ತಾಯಿತು. ಅಣ್ಣ ತೊಡೆ ತಟ್ಟಿ ನಕ್ಕ. “ಐತೆ! ಐತೆ ಅಂತೆ! ಊರಿಗೆ ಬಂದ್ ಹೀಂಗೇ ಮಾತಾಡ್, ಕಡವಿನಲ್ಲಿ ಎಲ್ರೂ ನಗ್ಲಿ.” ಆಮೇಲೆ ನಗು ನಿಲ್ಲಿಸಿ, ನಿಜವಾದ ಕಳಕಳಿಯಿಂದಲೇ ಕೇಳಿದ: “ದೋಣಿ ಎಲ್ಲುಂಟ್ ನಿನಗೆ? ದೋಣಿ ಇಲ್ದೆ ಇದು ಗುಜರಿ.”

ಅಪ್ಪಯ್ಯ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದರು.

“ದೀಪಾವಳಿ ಕಳೆದ್ ಮೇಲೆ ಬತ್ತೆ,” ಎಂದ ಅಣ್ಣ. “ನೀರಿನ ಮೇಲೆ ಒಂದ್ ದೋಣಿ ತೋರ್ಸ್, ಇಂಜಿನ್ ನಿಂದೇ. ಇಲ್ದಿದ್ರೆ ಹೊತ್ಕಂಡ್ ಹೋಪುದೇ.”

ಬಾಗಿಲಲ್ಲಿ ನಿಂತಿದ್ದ ಗಂಗಕ್ಕ ಮೊರ ಕೆಳಗಿಟ್ಟರು. “ನೋಡಪ್ಪ, ಗಂಡಸು ಆಡಿರೋ ಮಾತು. ನಾನು ಕೇಳಿಸ್ಕಂಡೀನಿ, ನಮ್ಮೆಜಮಾನ್ರು ಕೇಳಿಸ್ಕಂಡವ್ರೆ, ಎಮ್ಮೇನೂ ಕೇಳಿಸ್ಕಂಡೈತೆ. ಆಮ್ಯಾಕೆ ತಿರುಗಿಸ್ಬ್ಯಾಡ.”

ಅಣ್ಣ ಸಂಜೆಯ ಗಾಡಿಗೆ ಹೋದ. ಹೋಗುವಾಗ ಅಮ್ಮ ಕಳಿಸಿದ್ದ ಒಣಮೀನಿನ ಪೊಟ್ಟಣವನ್ನು ನನ್ನ ಕೈಗಿಟ್ಟ. ಅದನ್ನು ಬಿಚ್ಚದೆ ಮೂಸಿ ನೋಡಿ ಪೆಟ್ಟಿಗೆಯ ತಳದಲ್ಲಿಟ್ಟೆ. ಈ ಮನೆಯಲ್ಲಿ ಅದನ್ನು ಹುರಿಯುವಂತಿಲ್ಲ. ಎಸೆಯುವವಳೂ ನಾನಲ್ಲ.

ಮರುದಿನ ಬೆಳಿಗ್ಗೆ ಶಾಲೆಗೆ ಮುಂಚೆ ಬಡಗಿ ತಿಪ್ಪಣ್ಣಾಚಾರರ ಕೊಟ್ಟಿಗೆಗೆ ಹೋದೆ. ಅವರು ಮಗ್ಗ, ಗಾಡಿ, ಬಾಗಿಲು ಮಾಡುವವರು. ದೋಣಿ ಬೇಕು ಎಂದೆ. ಮರ ಕೆತ್ತುವ ಬಾಚಿಯನ್ನು ಕೆಳಗಿಟ್ಟು, ದೋಣಿ ತಾವು ಕಂಡಿಲ್ಲ, ಅದು ಹೆಂಗಿರ್ತೈತೆ ಎಂದು ಕೇಳಿದರು. ಮರದ ಹೊಟ್ಟಿನ ಮೇಲೆ ಕಡ್ಡಿಯಿಂದ ಬರೆದೆ: ಮುಂದಿನ ಮೂತಿ, ಪಕ್ಕೆಗಳು, ತಳ.

“ಗಾಲಿ ಎಲ್ಲಿ ಬರ್ತಾವ್ರಿ?”

“ಗಾಲಿಯಿಲ್ಲ.”

“ಎತ್ತು?”

“ಎತ್ತೂ ಇಲ್ಲ.”

ಅವರು ಚಿತ್ರವನ್ನು ಒಂದು ಸುತ್ತು ಹಾಕಿ ಬಂದರು. “ನಮ್ ಕೆರ್ಯಾಗೆ ಈಗ ಎದೆಮಟ್ಟ ನೀರೈತೆ. ಸಂಕ್ರಾಂತಿ ಹೊತ್ತಿಗೆ ಇರಲ್ಲ.”

“ದೀಪಾವಳಿ ಕಳೆದು ಅಣ್ಣ ಬರುವವರೆಗೆ ಇದ್ದರೆ ಸಾಕು.”

ನಾನು ಕಡ್ಡಿಯನ್ನು ಹಿಂದಿನ ತುದಿಯಲ್ಲಿ ಎರಡು ಸಲ ಎಳೆದು ಆ ಗೆರೆಯನ್ನು ದಪ್ಪ ಮಾಡಿದೆ. ಈ ಹಲಗೆ ಮಾತ್ರ ಗಟ್ಟಿ ಮರದ್ದಾಗಬೇಕು, ಇಂಜಿನ್ ಕಚ್ಚುವುದು ಇಲ್ಲಿ ಎಂದೆ. ತಿಪ್ಪಣ್ಣಾಚಾರರು ಕುಕ್ಕರಗಾಲಿನಲ್ಲಿ ಕೂತು, ಗೇಣು ಹಾಕಿ ಅಳೆಯತೊಡಗಿದರು.