ಅಮ್ಮನ ಮಂಚದ ಗಿಯರು

ಕಿಟಕಿಯಾಚೆ ಈಗಷ್ಟೇ ಬೆಳಕು ಹರಿಯುತ್ತಿದೆ. ರಾತ್ರಿ ಪಾಳಿ ಮುಗಿಯುವ ಹೊತ್ತು. ಅಂಗೈಯಗಲದ ಗಿಯರೊಂದನ್ನು ತಾಮ್ರದ ಸುರುಳಿಯ ನಡುವೆ ಇಟ್ಟು ಅಕ್ಕ ಪೆಡಲ್ ಒತ್ತಿ ಕರೆಂಟು ಹರಿಸುತ್ತಾರೆ. ಗಿಯರಿನ ಹಲ್ಲುಗಳು ಕೆಂಪಗೆ ಕಾಯುತ್ತವೆ. ಕಾಲು ತೆಗೆದ ಕೂಡಲೇ ಚುಯ್ ಎಂದು ನೀರು ಚಿಮ್ಮುತ್ತದೆ. ಆವಿ ಸರಿಯುವಷ್ಟರಲ್ಲಿ ಇನ್ನೊಂದು ಗಿಯರು ಕೈಗೆ ಬಂದಿರುತ್ತದೆ. ಪಾಳಿಗೆ ಆರುನೂರು ಗಿಯರು. ಹೀಗೆ ಹಲ್ಲು ಗಟ್ಟಿ ಮಾಡುವ ಇವರು ಕಾರ್ಖಾನೆಗೆಲ್ಲ 'ಗಟ್ಟಿಯಕ್ಕ'.

ಕಬ್ಬಿಣದ ಪುಡಿಯನ್ನು ಅಚ್ಚಿನಲ್ಲಿ ಒತ್ತಿ, ಕುಲುಮೆಯಲ್ಲಿ ಕಾಯಿಸಿ ಮಾಡಿದ ಗಿಯರುಗಳಿವು. ರೋಗಿಗಳ ಮಂಚವನ್ನು ಎತ್ತಿ ಇಳಿಸಲು ಹೋಗುತ್ತವೆ. "ಮೇಲಿನ ಚರ್ಮ ಮಾತ್ರ ಗಟ್ಟಿಯಾಗ್ಬೇಕು. ಒಳಗೆ ಸ್ವಲ್ಪ ಮೆತ್ತಗಿದ್ರೇನೇ ಪೆಟ್ಟು ತಡಿಯೋದು," ಎಂದು ಅಕ್ಕ ಕೆಲಸ ನೋಡಲು ಬಂದ ನನಗೆ ವಿವರಿಸುತ್ತಾರೆ.

ಗಂಡ ತೀರಿಕೊಂಡ ಮೇಲೆ ಇಲ್ಲಿಗೆ ಕಸ ಗುಡಿಸಲು ಬಂದವರು, ನೋಡಿ ನೋಡಿಯೇ ಕೆಲಸ ಕಲಿತರು. ಮನೆಯಲ್ಲಿ ಸೊಂಟ ಮುರಿದುಕೊಂಡು ಮಲಗಿದ ತಾಯಿ. ಅವರದ್ದೂ ಇಂಥದ್ದೇ ಮಂಚ; ಅದರ ಗಿಯರು ಸವೆದಾಗ, "ಇಲ್ಲಿಂದಲೇ ಒಂದು ತಗೊಂಡು ಹೋಗಮ್ಮ," ಎಂದರು ಮೇಸ್ತ್ರಿ.

ಎಡವಟ್ಟಾದದ್ದು ಅಲ್ಲೇ. "ಅಮ್ಮಂದು ಅಂತ ಪೆಡಲ್ ಮೇಲಿಂದ ಕಾಲು ತೆಗೆಯೋಕೆ ಮನಸ್ಸೇ ಬರ್ಲಿಲ್ಲ. ಇನ್ನೊಂಚೂರು ಗಟ್ಟಿಯಾಗ್ಲಿ ಅಂತ ಒತ್ತೇ ಇಟ್ಟೆ." ಗಿಯರು ಒಳಗಿನವರೆಗೂ ಗಟ್ಟಿಯಾಗಿ ಪೆಡಸಾಯಿತು. ಮೂರೇ ದಿನಕ್ಕೆ ಹಲ್ಲು ಮುರಿದು ಮಂಚದ ತಲೆಭಾಗ ದಡಕ್ಕನೆ ಇಳಿಯಿತು. ಅಕ್ಕನ ಜೀವ ಬಾಯಿಗೆ ಬಂದಿತ್ತು. ತಾಯಿಗೆ ಮಾತ್ರ ತಮಾಷೆ: "ನನ್ ಬಾಯಲ್ಲಿ ಉಳಿದಿರೋ ಎರಡು ಹಲ್ಲೇ ವಾಸಿ ಕಣೇ!"

ಅಂದಿನಿಂದ ಮಂಚ ಏಳದೆ ತಾಯಿ ಅಂಗಾತ ಮಲಗಿದ್ದಾರೆ. ಪಾಳಿ ಮುಗಿಸಿ ಬಂದ ಮಗಳ ತಲೆ ಬಾಚುವುದು ಅವರಿಂದ ಆಗುತ್ತಿದ್ದ ಒಂದೇ ಕೆಲಸ. ಅದೂ ನಿಂತುಹೋಗಿದೆ.

ಇವತ್ತು ಅಕ್ಕ ಯಾವ ಗಿಯರಿಗೂ ಗುರುತು ಹಾಕಿಲ್ಲ. "ಯಾವುದು ಅಮ್ಮಂದು ಅಂತ ನಂಗೇ ಗೊತ್ತಾಗ್ಬಾರ್ದು." ಪಾಳಿ ಮುಗಿದಾಗ ಕಣ್ಣು ಮುಚ್ಚಿ, ತುಂಬಿದ ಬುಟ್ಟಿಗೆ ಕೈ ಹಾಕಿ ಒಂದನ್ನು ಎತ್ತಿಕೊಳ್ಳುತ್ತಾರೆ.

ಮನೆಯಲ್ಲಿ ಅದನ್ನು ತಾವೇ ಕೂರಿಸಿ, ಹಿಡಿಕೆ ತಿರುಗಿಸುತ್ತಾರೆ. ಜೊತೆಗೆ ಬಂದ ನಾನು ಬಾಗಿಲ ಬಳಿ ನಿಂತು ನೋಡುತ್ತೇನೆ. ಮಂಚ ಮೆಲ್ಲಗೆ ಏಳುತ್ತದೆ, ಅದರೊಂದಿಗೆ ತಾಯಿಯೂ.

"ಬಾ, ಬೆನ್ನು ಹಾಕಿ ಕೂತ್ಕೋ. ಕಾರ್ಖಾನೆ ಹೊಗೆಯೆಲ್ಲ ತಲೇಲೇ ಹೊತ್ಕೊಂಡು ಬಂದಿದೀಯ," ಎಂದು ತಾಯಿ ಬಾಚಣಿಗೆಗೆ ಕೈ ಚಾಚುತ್ತಾರೆ.

ಸಿಕ್ಕು ಬಿಡಿಸುವಾಗ ಮುಖ ಕಿವುಚುತ್ತಲೇ ಅಕ್ಕ ನನ್ನ ಕಡೆ ನೋಡುತ್ತಾರೆ. "ಈ ಗಿಯರೇನೂ ವಿಶೇಷದ್ದಲ್ಲ ರೀ. ಬೇರೆಯವರ ಅಮ್ಮಂದಿರಿಗೂ ಇಂಥದ್ದೇ ಹೋಗಿರೋದು."